ನಡುರಾತ್ರಿಯ ಬೋಂಡಾ ಹಸಿವು

ನ್ಯೂಜಿಲೆಂಡ್ ಪ್ರವಾಸದ ಯಾವ ಕರಪತ್ರವನ್ನಾದರೂ ತೆಗೆದು ನೋಡಿ, ಮೊದಲ ಎರಡು ದಿನ ಒಂದೇ ಅಚ್ಚಿನಲ್ಲಿರುತ್ತವೆ. ಆಕ್ಲೆಂಡಿನಲ್ಲಿ ಇಳಿದು, ಹೋಟೆಲಿನಲ್ಲಿ ಮುಖ ತೊಳೆದು, ನಗರದರ್ಶನ, ಸ್ಕೈ ಟವರ್. ಮರುದಿನ ನಸುಕಿಗೇ ಬಸ್ಸು ಹತ್ತಿ ಸುಮಾರು 200 ಕಿಲೋಮೀಟರು ದೂರದ ವೈಟೊಮೊ ಗುಹೆ, ಸಂಜೆಗೆ ರೊಟೊರುವಾ. ವೈಟೊಮೊದಲ್ಲಿ ಕಗ್ಗತ್ತಲ ಗುಹೆಯೊಳಗೆ ದೋಣಿ ಸದ್ದಿಲ್ಲದೆ ಸಾಗುತ್ತದೆ. ನೆತ್ತಿಯ ಮೇಲೆ ಬಂಡೆಗಂಟಿದ ಸಾವಿರಾರು ಹುಳುಗಳು ನೀಲಿಯಾಗಿ ಹೊಳೆಯುತ್ತವೆ. ಯಾರೂ ಮಾತಾಡಕೂಡದು. ಅಲ್ಲಿ ಹತ್ತೂವರೆಯಾದರೆ ಬೆಂಗಳೂರಿನಿಂದ ಹೋದ ದೇಹಕ್ಕೆ ಇನ್ನೂ ಬೆಳಗಿನ ಜಾವ ಮೂರು ಗಂಟೆ. ನಿದ್ದೆಗೆ ಇದಕ್ಕಿಂತ ಪ್ರಶಸ್ತವಾದ ಜಾಗ ಭೂಮಿಯ ಮೇಲಿರಲಾರದು. ಅಷ್ಟು ದುಡ್ಡು ಸುರಿದು ಅಲ್ಲಿ ಗೊರಕೆ ಹೊಡೆದು ಬಂದ ದಂಪತಿಗಳನ್ನು ನಾನು ಬಲ್ಲೆ. ಗುಹೆಯೊಳಗೆ ಫೋಟೊ ತೆಗೆಯಲೂ ಬಿಡುವುದಿಲ್ಲವಾದ್ದರಿಂದ, ಪಾಪ, ಏನು ಕಳೆದುಕೊಂಡೆವು ಎಂದು ನೋಡಿಕೊಳ್ಳುವ ದಾರಿಯೂ ಅವರಿಗಿಲ್ಲ.

ಅಷ್ಟು ದೂರ ಹೋಗುವ ಗಂಡಹೆಂಡಿರಿಗೆ ನಾನು ಹೇಳುವುದು ಒಂದೇ. ಮೊದಲ ಮೂರು ದಿನಗಳನ್ನು ಪಟ್ಟಿಯಿಂದ ಹೊರಗಿಡಿ. ಟಿಕೆಟ್ಟು ಕೊಂಡು ನೋಡುವಂಥದ್ದು ಬೇಡ, ಕಾರು ಬೇಡ, ಊರು ಬದಲಿಸುವುದು ಬೇಡ. ಹಾಗಂತ ಕೋಣೆಯಲ್ಲಿ ಮಲಗಿರಿ ಎಂದು ಹೇಳುತ್ತಿಲ್ಲ. ಆ ದಿನಗಳಿಗೆ ಅವುಗಳದೇ ಆದ ಕೆಲಸವಿದೆ, ಅವುಗಳದೇ ಆದ ರುಚಿಯೂ ಇದೆ.

ನಮ್ಮಲ್ಲಿಂದ ಹೊರಟರೆ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿಂದ ಆಕ್ಲೆಂಡಿಗೆ ಹತ್ತಿರಹತ್ತಿರ ಹತ್ತು ಗಂಟೆ. ವಿಮಾನದೊಳಗಿನ ಕಷ್ಟಸುಖ ಎಲ್ಲರಿಗೂ ಗೊತ್ತಿರುವುದೇ: ಗಂಟಲು ಒಣಗುತ್ತದೆ, ಕಾಲು ಊದುತ್ತದೆ, ಅಷ್ಟು ಎತ್ತರದಲ್ಲಿ ನಾಲಿಗೆಗೆ ಉಪ್ಪೂ ಸಿಹಿಯೂ ಮಂಕಾಗಿ ಅವರು ಕೊಟ್ಟ ಉಪ್ಪಿಟ್ಟು ಸಪ್ಪೆಯಾಗುತ್ತದೆ. ಅದು ಇಳಿದ ಮೇಲೆ ಒಂದು ಸ್ನಾನಕ್ಕೆ ಸರಿಹೋಗುತ್ತದೆ. ಸರಿಹೋಗದಿರುವುದು ಗಡಿಯಾರ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಆಕ್ಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದಿರುತ್ತದೆ. ಮಿಕ್ಕ ದಿನಗಳಲ್ಲಿ ಆರೂವರೆ.

ಮಿದುಳಿನಲ್ಲಿ ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಮೈಯ ಗಡಿಯಾರಗಳಿಗೆಲ್ಲ ಅದು ಯಜಮಾನ. ಈ ಗಡಿಯಾರ ನಡೆಸುವ ಜೀನುಗಳನ್ನು ಹಣ್ಣಿನ ನೊಣದಲ್ಲಿ ಹುಡುಕಿ ಬಿಡಿಸಿಟ್ಟದ್ದಕ್ಕೇ 2017ರ ವೈದ್ಯಕೀಯ ನೊಬೆಲ್ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ ಹೋದದ್ದು. ಮನುಷ್ಯರ ಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ಒಂದಿಷ್ಟು ನಿಧಾನ. ಹಾಗಾಗಿ ದಿನ ಉದ್ದವಾಗುವ ಪಶ್ಚಿಮದ ಪ್ರಯಾಣವನ್ನು ಅದು ಹೇಗೋ ಒಪ್ಪಿಕೊಳ್ಳುತ್ತದೆ, ದಿನ ಮೊಟಕಾಗುವ ಪೂರ್ವದ ಪ್ರಯಾಣಕ್ಕೆ ಮುಷ್ಕರ ಹೂಡುತ್ತದೆ. ದಿನಕ್ಕೆ ಒಂದು ಗಂಟೆ ಸರಿಯಿತೆಂದರೆ ದೊಡ್ಡದು.

ಅದನ್ನು ಸರಿಸುವ ಕೈ ಬಿಸಿಲು. ಆದರೆ ಯಾವ ಹೊತ್ತಿನ ಬಿಸಿಲು ಎನ್ನುವುದರಲ್ಲಿ ಇಡೀ ಗುಟ್ಟಿದೆ, ಮತ್ತು ಇಲ್ಲೇ ಬಹಳ ಜನ ಎಡವುವುದು. ನಾವು ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು ಮೈಯ ಬಿಸಿ ತೀರಾ ಕೆಳಗಿಳಿದಿರುತ್ತದೆ. ಆ ಘಳಿಗೆಯ ನಂತರ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅದಕ್ಕೆ ಮುಂಚೆ ಬಿದ್ದದ್ದು ಹಿಂದಕ್ಕೆ ಎಳೆಯುತ್ತದೆ. ಊರಲ್ಲಿ ಆರೂವರೆಗೆ ಏಳುವವರಿಗೆ ಆ ಘಳಿಗೆ ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಎಂದರೆ ಆಕ್ಲೆಂಡಿನ ಹನ್ನೊಂದೂವರೆಗೆ. ಅಂಥವರು ಮೊದಲ ದಿನ ಎದ್ದಕೂಡಲೇ ಸಮುದ್ರದಂಡೆಗೆ ಓಡಿ ಬೆಳಗಿನ ಬಿಸಿಲು ಕುಡಿದರೆ ಗಡಿಯಾರ ಬೆಂಗಳೂರಿನ ಕಡೆಗೂ ಅಲ್ಲ, ಇನ್ನೂ ಆಚೆಗೆ, ದುಬೈ ಕಡೆಗೆ ಹೊರಡುತ್ತದೆ. ಬೆಳಿಗ್ಗೆ ಕಪ್ಪು ಕನ್ನಡಕ, ಮಧ್ಯಾಹ್ನದ ಮೇಲೆ ಬರಿಗಣ್ಣು. ಮರುದಿನ ಒಂದು ಗಂಟೆ ಮೊದಲು, ಅದರ ಮರುದಿನ ಇನ್ನೊಂದು ಗಂಟೆ ಮೊದಲು ಹೊರಬಿದ್ದರೆ ಸರಿ.

ಈಗ ದಾಂಪತ್ಯಕ್ಕೆ ಬರೋಣ. ನಮ್ಮವರು ಐದಕ್ಕೆ ಎದ್ದು ಲಾಲ್‌ಬಾಗಿಗೆ ಹೋಗುವ ಜಾತಿ. ನಾನು ಏಳೂವರೆಗೆ ಮುಂಚೆ ಯಾರ ಮುಖವನ್ನೂ ನೋಡಲು ಇಷ್ಟಪಡದ ಜಾತಿ. ಮೇಲಿನ ಲೆಕ್ಕವನ್ನು ನಮ್ಮಿಬ್ಬರಿಗೆ ಹಚ್ಚಿದರೆ ಆಕ್ಲೆಂಡಿನಲ್ಲಿ ಅವರಿಗೆ ಬೆಳಿಗ್ಗೆ ಹತ್ತರ ಬಿಸಿಲೇ ಔಷಧ. ನನಗೆ ಹನ್ನೆರಡೂವರೆಯವರೆಗೆ ಕಿಟಕಿಯ ಪರದೆ ಸರಿಸುವುದೂ ವಿಷ. ಪೂರ್ವದ ಪ್ರಯಾಣದಲ್ಲಿ ಬೇಗ ಏಳುವವರು ಬೇಗ ಹೊಂದಿಕೊಳ್ಳುತ್ತಾರೆ, ಹೊಂದಿಕೊಂಡ ಮೇಲೆ ಅದನ್ನು ತಮ್ಮ ಶಿಸ್ತಿನ ಫಲವೆಂದು ತಿಳಿಯುತ್ತಾರೆ. "ಮನಸ್ಸು ಗಟ್ಟಿ ಇರಬೇಕು ಕಣೇ" ಎಂದರು ನಮ್ಮವರು, ಸ್ನಾನ ಮುಗಿಸಿ, ತಲೆ ಬಾಚಿ, ಬೂಟಿನ ಲೇಸು ಕಟ್ಟುತ್ತಾ. "ರೀ, ಮನಸ್ಸಲ್ಲ, ಜೀನು" ಎಂದೆ ಹೊದಿಕೆಯೊಳಗಿನಿಂದ. ದೂರದ ಪ್ರವಾಸದಲ್ಲಿ ಗಂಡಹೆಂಡಿರ ಮೊದಲ ಜಗಳ ಬಹುಪಾಲು ಇಂಥ ಬೆಳಗಿನಲ್ಲೇ ಹುಟ್ಟುತ್ತದೆ. ಒಬ್ಬರು ಪ್ರವಾಸ ಹಾಳಾಗುತ್ತಿದೆ ಎನ್ನುತ್ತಾರೆ, ಇನ್ನೊಬ್ಬರು ಪ್ರಾಣ ಹೋಗುತ್ತಿದೆ ಎನ್ನುತ್ತಾರೆ. ಮೊದಲ ಬೆಳಗುಗಳಲ್ಲಿ ಬೇರೆಬೇರೆ ಇರುವುದೇ ಲೇಸು. ಅವರು ಬಂದರಿನ ಕಡೆ ನಡೆದು ಬರಲಿ, ನೀವು ಮಲಗಿರಿ, ಊಟಕ್ಕೆ ಭೇಟಿಯಾಗಿ.

ರಾತ್ರಿ ಮಾತ್ರ ಇಬ್ಬರೂ ಒಂದೇ. ವಿಮಾನದ ಅರೆನಿದ್ದೆಯ ದಣಿವಿಗೆ ಎಂಟಕ್ಕೇ ಬಿದ್ದುಕೊಳ್ಳುತ್ತೀರಿ, ಒಂದೂವರೆಗೆ ಕಣ್ಣು ತೆರೆದು ಹೊಟ್ಟೆ ಕೇಳಲು ಶುರುಮಾಡುತ್ತದೆ. ಊರಿನಲ್ಲಿ ಆಗ ಸಂಜೆ ಆರು ಗಂಟೆ. ಬೋಂಡಾ, ಮೆಣಸಿನಕಾಯಿ ಬಜ್ಜಿ, ಒಂದು ಲೋಟ ಬಿಸಿ ಕಾಫಿಯ ಹೊತ್ತು. ಕೆಳಗೆ ರಸ್ತೆ ಖಾಲಿ, ಅಂಗಡಿಗಳು ಎಂದೋ ಮುಚ್ಚಿವೆ. ಕತ್ತಲಲ್ಲಿ ಗಂಡಹೆಂಡಿರು ಅಡಿಗೆಕಟ್ಟೆಯ ಎದುರು ಸ್ಟೂಲು ಎಳೆದುಕೊಂಡು ಕೂತು ಕೋಡುಬಳೆ ಮುರಿಯುವ ಆ ಹೊತ್ತು ನನಗೆ ಬಲು ಪ್ರಿಯ. ಮಕ್ಕಳಿಲ್ಲ, ಫೋನಿಲ್ಲ, ಮಾಡಬೇಕಾದ್ದು ಏನೂ ಇಲ್ಲ. ಎಷ್ಟೋ ವರ್ಷಗಳಿಂದ ಆಡದೆ ಉಳಿದ ಮಾತುಗಳು ಆಗ ಹೊರಬರುತ್ತವೆ. ಆದರೆ ಶಿಸ್ತಿನ ಮಾತು ಹೇಳಲೇಬೇಕು: ಕೋಡುಬಳೆಗೆ ನಿಲ್ಲಿಸಿ, ಅನ್ನ ಬೇಯಿಸಬೇಡಿ. ಊಟದ ಹೊತ್ತೂ ಮೈಗೆ ಗಡಿಯಾರವೇ. ನಡುರಾತ್ರಿ ಹೊಟ್ಟೆತುಂಬ ಉಂಡರೆ ಅದು ಊರಿನ ಲೆಕ್ಕವನ್ನೇ ಹಿಡಿದು ಕೂರುತ್ತದೆ.

ಕೋಡುಬಳೆ ಅಲ್ಲಿಯವರೆಗೆ ಬರುವುದೂ ಒಂದು ಕತೆ. ನ್ಯೂಜಿಲೆಂಡಿನಷ್ಟು ಕಟ್ಟುನಿಟ್ಟಾಗಿ ತಿಂಡಿಚೀಲ ತಪಾಸಣೆ ಮಾಡುವ ದೇಶಗಳು ಕಡಿಮೆ. ಕಾರಣವೂ ಸರಿಯಾದದ್ದೇ. ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಭೂಖಂಡದಿಂದ ಕಳಚಿಕೊಂಡು ಒಂಟಿಯಾದ ನೆಲ ಅದು. ಮನುಷ್ಯರು ಬರುವವರೆಗೆ ಬಾವಲಿ ಬಿಟ್ಟರೆ ನೆಲದ ಮೇಲೆ ಸಸ್ತನಿಯೇ ಇರಲಿಲ್ಲ. ಹಕ್ಕಿಗಳು ಹಾರುವುದನ್ನೇ ಮರೆತವು. ಹೊರಗಿನಿಂದ ಬಂದ ಒಂದು ಹುಳ, ಒಂದು ಬೀಜ, ಬೂಟಿನ ಅಡಿಯ ಒಂದು ಮುದ್ದೆ ಮಣ್ಣು ಅಲ್ಲಿನ ತೋಟಗಳನ್ನು ತೆಗೆಯಬಲ್ಲದು. ಆದ್ದರಿಂದ ಫಾರಂನಲ್ಲಿ ತಿನ್ನುವ ಪದಾರ್ಥ ಇದೆಯೇ ಎಂದು ಕೇಳಿದಲ್ಲಿ ಹೌದು ಎಂದೇ ಬರೆಯಿರಿ. ಬರೆದು ತೋರಿಸಿದರೆ ದಂಡವಿಲ್ಲ, ಬೇಡವಾದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಬಚ್ಚಿಟ್ಟು ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್. ಜೇನು, ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು ಮುಟ್ಟಲೇಬೇಡಿ. ಧಾರವಾಡ ಪೇಡ ಮನೆಯಲ್ಲೇ ಬಿಡುವುದು ಕ್ಷೇಮ. ನನ್ನ ಚಟ್ನಿಪುಡಿಯ ಡಬ್ಬಿಯನ್ನು ತೆರೆದು ಮೂಸಿದ ಅಧಿಕಾರಿ ಒಂದು ಸಲ ಸೀನಿ, ಗೌರವದಿಂದ ಮುಚ್ಚಳ ಹಾಕಿ ಕೊಟ್ಟರು. ನಡೆದಾಡುವ ಬೂಟುಗಳನ್ನು ಊರಲ್ಲೇ ತಿಕ್ಕಿ ತೊಳೆದು ಒಣಗಿಸಿ ಒಯ್ಯಿರಿ. ಅದನ್ನೂ ತೋರಿಸಬೇಕು.

ಕೋಣೆ ಹಿಡಿಯುವಾಗ ಒಂದು ಸಣ್ಣ ಅಡಿಗೆಕಟ್ಟೆ ಇರುವ ಅಪಾರ್ಟ್‌ಮೆಂಟ್ ನೋಡಿ, ಉತ್ತರದ ಕಿಟಕಿ ಕೇಳಿ. ಅಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ, ಬಲದಿಂದ ಎಡಕ್ಕೆ ನಡೆಯುತ್ತಾನೆ. ಬಿಸಿಲು ನೋಡಿ ದಿಕ್ಕು ಹೇಳುವ ನಮ್ಮವರ ಹೆಮ್ಮೆ ಮೊದಲ ದಿನವೇ ಮಣ್ಣುಪಾಲಾಯಿತು. ರಾತ್ರಿ ಹತ್ತಕ್ಕೆ ಬಾಲ್ಕನಿಗೆ ಬಂದರೆ ಮಹಾವ್ಯಾಧನೂ ತಲೆಕೆಳಗು.

ಇಳಿದ ದಿನದ ಮಧ್ಯಾಹ್ನಕ್ಕೆ ಮೌಂಗಾಫಾಉಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೌಂಟ್ ಈಡನ್ ಎಂದರೂ ತಿಳಿಯುತ್ತದೆ. ಆಕ್ಲೆಂಡ್ ಊರು ಕೂತಿರುವುದೇ ಐವತ್ತರಷ್ಟು ಸಣ್ಣ ಜ್ವಾಲಾಮುಖಿಗಳ ಮೇಲೆ. ಅವುಗಳಲ್ಲಿ ಇದು 196 ಮೀಟರ್ ಎತ್ತರದ ಹುಲ್ಲುಗುಡ್ಡ. ನೆತ್ತಿಯಲ್ಲಿ 50 ಮೀಟರ್ ಆಳದ ಬಟ್ಟಲಿನಂಥ ಕುಳಿ. ಮಾವೊರಿ ಜನಕ್ಕೆ ಅದು ಪವಿತ್ರ, ಒಳಗೆ ಇಳಿಯಬಾರದು. ಇಳಿಜಾರಿನ ಮೆಟ್ಟಿಲುಮೆಟ್ಟಿಲಾದ ದಿಣ್ಣೆಗಳು ಅವರ ಹಳೆಯ ಕೋಟೆಯೂರಿನವು, ನಡುವಿನ ತಗ್ಗುಗಳು ಗೆಣಸು ಕೂಡಿಡುತ್ತಿದ್ದ ಹಗೇವುಗಳು. ಮೇಲೆ ಕಾರು ಬಿಡುವುದಿಲ್ಲ, ನಡೆಯಲೇಬೇಕು, ನಮಗೂ ಬೇಕಾದದ್ದು ಅದೇ. ಬಿಸಿಲಿದೆ, ಗಾಳಿಯಿದೆ, ಏದುಸಿರಿದೆ, ಕೂತರೆ ತೂಕಡಿಕೆ ಬರುವಷ್ಟು ಮೆತ್ತನೆಯದು ಏನೂ ಇಲ್ಲ. ಫೆಬ್ರವರಿ ಕೊನೆಯಲ್ಲೂ ಸೂರ್ಯ ಮುಳುಗುವುದು ಎಂಟರ ಸುಮಾರಿಗೆ. ತಂಪು ಗಾಳಿಗೆ ಮರುಳಾಗಬೇಡಿ, ಅಲ್ಲಿನ ಬಿಸಿಲು ಚರ್ಮ ಸುಡುತ್ತದೆ, ಟೋಪಿ ಇರಲಿ.

ಎರಡನೆಯ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ, ಇರಬಾರದು ಕೂಡ. ಅಂದು ತಲೆ ಮಂಜಾಗಿರುತ್ತದೆ. ಫ್ಲಾಟ್ ವೈಟ್ ಎಂಬ ಅವರ ಕಾಫಿ ನಮ್ಮ ಫಿಲ್ಟರಿಗೆ ಹತ್ತಿರದ ನೆಂಟ, ಆದರೆ ಮಧ್ಯಾಹ್ನದ ಮೇಲೆ ಬೇಡ. ಸ್ಯಾಂಡ್ರಿಂಗ್‌ಹ್ಯಾಮ್ ರಸ್ತೆಯಲ್ಲಿ ದೋಸೆಯೂ ಸಿಗುತ್ತದೆ, ಬೇಳೆ, ಸಾಂಬಾರ ಪುಡಿಯೂ ಸಿಗುತ್ತವೆ. ಎಚ್ಚರಿಕೆಯಿರಬೇಕಾದ್ದು ನೆಂಟರಿಷ್ಟರ ಪ್ರೀತಿಯ ಬಗ್ಗೆ. ಆಕ್ಲೆಂಡಿನಲ್ಲಿ ಕನ್ನಡ ಕೂಟವಿದೆ, ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲೊಬ್ಬ ಅಕ್ಕನ ಮಗಳೋ ಹಳೆಯ ಸಹಪಾಠಿಯೋ ಇದ್ದೇ ಇರುತ್ತಾರೆ, "ಬಂದ ದಿನವೇ ಊಟಕ್ಕೆ ಬರಬೇಕು" ಎಂದು ಹಟ ಹಿಡಿಯುತ್ತಾರೆ. ಅವರು ಆಫೀಸಿನಿಂದ ಬಂದು ಒಬ್ಬಟ್ಟು ತಟ್ಟಿ ಎಲೆ ಹಾಕುವಾಗ ಎಂಟೂವರೆ. ಸಾರು ಬರುವಷ್ಟರಲ್ಲಿ ನಿಮ್ಮ ತಲೆ ಎಲೆಯ ಕಡೆ ಬಾಗಿರುತ್ತದೆ. ಊರಿಂದಲೇ ಹೇಳಿಬಿಡಿ: ನಾಲ್ಕನೆಯ ದಿನದ ನಂತರ, ಮಧ್ಯಾಹ್ನದ ಊಟಕ್ಕೆ.

ಮೂರನೆಯ ದಿನ ರಂಗಿಟೊಟೊ. ನಗರದ ಬಂದರಿನಿಂದ ಫೆರಿಯಲ್ಲಿ 25 ನಿಮಿಷ. ಯಾವ ಕಡೆಯಿಂದ ನೋಡಿದರೂ ಒಂದೇ ಆಕಾರ ತೋರುವ, 260 ಮೀಟರ್ ಎತ್ತರದ ಕಪ್ಪು ದ್ವೀಪ. ಫೆರಿ ಹತ್ತುವ ಮುನ್ನ ಬೂಟು ಉಜ್ಜಿಕೊಳ್ಳಬೇಕು. ದ್ವೀಪದಲ್ಲಿ ಇಲಿಯೂ ಇಲ್ಲದ ಹಾಗೆ ನಿರ್ಮೂಲ ಮಾಡಿದ್ದಾರೆ, ತಿಂಡಿಯ ಚೀಲವನ್ನು ಬಿಗಿಯಾಗಿ ಮುಚ್ಚಿರಬೇಕು. ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ, ಬಿದ್ದ ಮಳೆಯೆಲ್ಲ ಲಾವಾದ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ದಾರಿಯ ಎರಡೂ ಬದಿಗೆ ಒಡೆದು ಹರಡಿದ ಕರಿಕಲ್ಲಿನ ಬಯಲು. ಮಣ್ಣೆಂಬುದೇ ಇಲ್ಲ. ಆ ಕಲ್ಲಿನ ಸಂದಿನಲ್ಲೇ ಬೇರಿಳಿಸಿ ಪೊಹುತುಕಾವಾ ಮರಗಳು ಎದ್ದಿವೆ, ಒಂದೊಂದು ಮರದ ನೆರಳಲ್ಲಿ ಸಣ್ಣ ಗಿಡಗಳ ಸಂಸಾರ, ಹೀಗೆ ದ್ವೀಪ ದ್ವೀಪವಾಗಿ ಬೆಳೆದು ಕೂಡಿಕೊಂಡು ಕಾಡಾಗಿದೆ. ಕಾಡು ಹುಟ್ಟುವ ಮೊದಲ ಅಧ್ಯಾಯವನ್ನು ಕಾಲಡಿಯಲ್ಲೇ ಓದಿಕೊಂಡು ಹೋಗಬಹುದು.

ಈ ದ್ವೀಪಕ್ಕೆ ವಯಸ್ಸು ಸುಮಾರು 600 ವರ್ಷ, ಅಷ್ಟೇ. ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲದ ಆಸುಪಾಸಿನಲ್ಲಿ ಇದು ಸಮುದ್ರ ಸೀಳಿಕೊಂಡು ಎದ್ದಿತು. ನೋಡಿದವರೂ ಇದ್ದರು. ಪಕ್ಕದ ಮೊಟುಟಾಪು ದ್ವೀಪದಲ್ಲಿ ಅದರ ಬೂದಿಯ ಪದರಗಳ ನಡುವೆ ಮನುಷ್ಯರ ಮತ್ತು ನಾಯಿಗಳ ಹೆಜ್ಜೆಗುರುತುಗಳು ಸಿಕ್ಕಿವೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ದಿನವೂ ಅದನ್ನು ಹತ್ತಿ ಇಳಿಯುವ ನಮ್ಮವರು ಇಲ್ಲಿ ನೆತ್ತಿಯ ಮರದ ಕಟ್ಟೆಯ ಮೇಲೆ ನಿಂತು, ಕೆಳಗಿನ ಕುಳಿಯನ್ನು ನೋಡಿ, "ಇದಿನ್ನೂ ಬಾಣಂತಿ ಕೋಣೆಯ ಕೂಸು" ಎಂದರು. ಹತ್ತಲು ಒಂದು ಗಂಟೆ ಸಾಕು. ಇಳಿಯುವಾಗ ಲಾವಾ ಹರಿದುಹೋಗಿ ಉಳಿದ ಸುರಂಗಗಳಿಗೆ ನುಗ್ಗಿ ಬರಬಹುದು, ಟಾರ್ಚ್ ಬೇಕು. ಬಿಸಿಲಿಗೆ ಕರಿಕಲ್ಲು ಕಾದು ಕೆಳಗಿನಿಂದಲೂ ಝಳ ಹೊಡೆಯುತ್ತದೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಹೊರಿ. ಕೊನೆಯ ಫೆರಿ ಮಧ್ಯಾಹ್ನ ಕಳೆದು ಸ್ವಲ್ಪ ಹೊತ್ತಿಗೇ ಹೊರಡುತ್ತದೆ, ವೇಳೆಯನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಖಾಸಗಿ ದೋಣಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ದಿನ ಪ್ರವಾಸ ಮಾಡಬಹುದು.

ಅಂದು ರಾತ್ರಿ ಹತ್ತೂವರೆಗೆ ಮಲಗಿ ಐದರವರೆಗೆ ನಿದ್ದೆ ಬಂತು ಎಂದಾದರೆ ಮರುದಿನ ಕಾರು ತೆಗೆದುಕೊಳ್ಳಿ, ಇಲ್ಲದಿದ್ದರೆ ಇನ್ನೊಂದು ದಿನ ತಡೆಯಿರಿ. ಅಲ್ಲಿಯೂ ಗಾಡಿ ಎಡಬದಿಯಲ್ಲೇ ಓಡುವುದರಿಂದ ನಮ್ಮ ಜನಕ್ಕೆ ಧೈರ್ಯ ಜಾಸ್ತಿ. ಆದರೆ ಊರಾಚೆ ಸಾಮಾನ್ಯ ವೇಗಮಿತಿ 100 ಕಿಲೋಮೀಟರು, ತಿರುವು ಮುಗಿದಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆ, ಎದುರಿನವರಿಗೆ ದಾರಿ ಬಿಡಬೇಕೋ ಬೇಡವೋ ಎಂದು ಫಲಕ ಓದಿ ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ಅದು ತೂಕಡಿಸುವವರ ಕೆಲಸವಲ್ಲ. ನಾವು ಹೊರಟದ್ದು ಪೂರ್ವಕ್ಕೆ, ಕೊರೊಮ್ಯಾಂಡಲ್ ಕಡೆಗೆ. ಸಮುದ್ರ ಇಳಿತದ ಹೊತ್ತಿನಲ್ಲಿ ಮರಳು ತೋಡಿದರೆ ಬಿಸಿನೀರು ಉಕ್ಕುವ ಕಡಲತೀರ ಅಲ್ಲಿದೆ. ಅದರ ವಿಚಾರ ಮುಂದಿನ ವಾರ. ಅಷ್ಟರೊಳಗೆ ಹೋಗುವವರಿದ್ದರೆ ಇಳಿತದ ವೇಳೆ ನೋಡಿಕೊಂಡು, ಒಂದು ಗುದ್ದಲಿ ಬಾಡಿಗೆಗೆ ಹಿಡಿದು ಹೋಗಿ.