ಹೊರಟವರು ಮತ್ತು ಉಳಿದವರು: ‘ಸ್ವಪ್ನ ಸಾರಸ್ವತ’ದ ಒಂದು ಓದು

ಶ್ರಾದ್ಧದ ದಿನ ಪುರೋಹಿತರು ಕೇಳುವುದು ಮೂರು ತಲೆಮಾರಿನ ಹೆಸರುಗಳನ್ನು ಮಾತ್ರ. ತಂದೆ, ತಾತ, ಮುತ್ತಾತ. ಅವರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ನೆನೆದು ಪಿಂಡವಿಟ್ಟರೆ ಕರ್ಮ ಮುಗಿಯಿತು. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಗೋತ್ರ ಪ್ರವರ ಹೇಳಬೇಕು. ಅಲ್ಲಿ ಒಮ್ಮೆಲೇ ಕೌಂಡಿನ್ಯರೋ ವತ್ಸರೋ ಕೌಶಿಕರೋ ಎದುರಾಗುತ್ತಾರೆ. ಮುತ್ತಾತನಿಗೂ ಋಷಿಗೂ ನಡುವೆ ಬಾಳಿ ಸತ್ತವರು ಯಾರು, ಯಾವ ಊರಿನಲ್ಲಿದ್ದರು, ಏಕೆ ಆ ಊರು ಬಿಟ್ಟರು ಎಂಬುದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಾದರೆ ಹೆಳವರು ಎತ್ತಿನೊಂದಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರನ್ನೂ ಅವರು ಹೊರಟುಬಂದ ಮೂಲಸ್ಥಳವನ್ನೂ ಹೇಳಿ ಕಾಳು ಪಡೆದು ಹೋಗುವ ಪದ್ಧತಿಯುಂಟು. ಮುಂಬಯಿಯ ನಾಲ್ಕನೆಯ ಮಾಳಿಗೆಗೆ ಯಾವ ಹೆಳವನೂ ಬರುವುದಿಲ್ಲ.

ಈ ತೆರವನ್ನು ತುಂಬಲು ಹೊರಟ ಕನ್ನಡ ಕಾದಂಬರಿಗಳಲ್ಲಿ ಶ್ರೀ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ಕ್ಕೆ ವಿಶೇಷ ಸ್ಥಾನವಿದೆ. 2009ರಲ್ಲಿ ಪ್ರಕಟವಾದ ಈ ಕೃತಿಗೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಂದ ಪುಸ್ತಕವನ್ನು ಹೊಗಳುವುದು ಸುಲಭ. ಆದರೆ ನಮ್ಮ ನಗರದ ವಾಚಕರಲ್ಲಿ ಅನೇಕರು ಇದನ್ನು ಕಾದಂಬರಿಯೆಂದು ಓದದೆ ತಮ್ಮ ಕುಲದ ಚರಿತ್ರೆಯೆಂದೇ ಓದುತ್ತಿರುವುದನ್ನು ಕಂಡು, ಇದು ನಿಜವಾಗಿ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂದು ವಿಚಾರಿಸುವುದು ಅಗತ್ಯವೆನಿಸಿತು.

ಕಥೆಯ ಹಿನ್ನೆಲೆ ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆಯ ಮೊದಲ ಕಾಲ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ. 1543ರಲ್ಲಿ ಬಾರ್ದೇಶ ಮತ್ತು ಸಾಷ್ಟಿಗಳು ಪೋರ್ಚುಗೀಸರ ಕೈಸೇರಿದವು. 1560ರಲ್ಲಿ ಇನ್ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಗೋವೆಯಲ್ಲಿ ಸ್ಥಾಪನೆಯಾಯಿತು. ಅದು ಕೊನೆಗೊಂಡದ್ದು 1812ರಲ್ಲಿ. 1567ರಲ್ಲಿ ಸಾಷ್ಟಿಯ ದೇವಾಲಯಗಳನ್ನು ಕೆಡವಿದಾಗ ವೆರ್ಣೆಯ ಮಹಾಲಸೆಯ ಗುಡಿಯೂ ನೆಲಸಮವಾಯಿತು. ಭಕ್ತರು ದೇವಿಯನ್ನು ನದಿಯಾಚೆಯ ಮಾರ್ದೋಳಕ್ಕೆ ಒಯ್ದರು. ಹೀಗೆಯೇ ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೂ ಕೇಳೋಶಿಯ ಶಾಂತಾದುರ್ಗೆ ಕವಳೆಗೂ ಹೋದರು. ದೇವರನ್ನು ಹೊತ್ತು ಸಮೀಪದಲ್ಲೇ ನಿಂತವರು ಕೆಲವರು. ಕರಾವಳಿಯನ್ನು ಹಿಡಿದು ಕಾರವಾರ, ಭಟ್ಕಳ, ಮಂಗಳೂರು, ಕುಂಬಳೆ, ಕೊಚ್ಚಿಯವರೆಗೆ ಹೋದವರು ಹಲವರು.

ಪೈ ಅವರು ಇದೇ ವೆರ್ಣೆಯಿಂದ ತಮ್ಮ ಕಥೆಯನ್ನು ಆರಂಭಿಸಿ, ಒಂದು ಮನೆತನದ ಹಲವು ತಲೆಮಾರುಗಳ ಮೂಲಕ ಅದನ್ನು ದಕ್ಷಿಣಕ್ಕೆ ನಡೆಸುತ್ತಾರೆ. ಕೃತಿಯ ಮೊದಲ ಗುಣವೆಂದರೆ ಇತಿಹಾಸವನ್ನು ಅದು ವೈಸರಾಯರ ಕಡೆಯಿಂದ ನೋಡದೆ ಅಡಿಗೆಮನೆ, ಅಂಗಡಿ, ಗುಡಿಯ ಅಂಗಳಗಳಿಂದ ನೋಡುತ್ತದೆ. ಊರು ಬಿಡಬೇಕೆಂಬ ನಿರ್ಧಾರ ಒಂದು ದಿನದಲ್ಲಿ ಆಗುವುದಲ್ಲ. ವ್ಯಾಪಾರದ ಲೆಕ್ಕ, ಮಗಳ ಮದುವೆ, ದೇವರ ಮೇಲಿನ ನಂಬಿಕೆ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಎರಡನೆಯ ಗುಣ, ಐತಿಹ್ಯಕ್ಕೆ ಅವರು ಕೊಟ್ಟ ಮರ್ಯಾದೆ. ನಾಗ್ಡೊ ಬೇತಾಳನೆಂಬ ವಿಚಿತ್ರ ವ್ಯಕ್ತಿಯನ್ನು ಕಥೆಯೊಳಗೆ ತಂದು, ಅಜ್ಜಿಯರು ಹೇಳುವ ಕಥೆಗೂ ಇಸವಿಗಳ ಚರಿತ್ರೆಗೂ ಜಗಳ ಹಚ್ಚದೆ ಎರಡನ್ನೂ ಜೊತೆಯಲ್ಲಿ ನಡೆಸಿದ್ದಾರೆ. ಮೇಲೆ ಹೇಳಿದ ಮುತ್ತಾತನಿಗೂ ಋಷಿಗೂ ನಡುವಣ ಬಯಲಿನಲ್ಲಿ ಮನುಷ್ಯರು ಓಡಾಡುವಂತೆ ಮಾಡಿದ್ದು ಈ ಕಾದಂಬರಿಯ ಸಾಧನೆ.

ಇದು ಗೋವೆಯವರ ಕಥೆ, ನಮಗೇನು ಎಂದು ಮುಂಬಯಿಯ ಓದುಗರು ಕೇಳುವಂತಿಲ್ಲ. ಬಾಂದ್ರಾದಿಂದಾಚೆಗೆ ಅಂಧೇರಿ, ಮಲಾಡ, ಬೊರಿವಲಿಗಳಿರುವ ದ್ವೀಪದ ಹೆಸರೂ ಸಾಷ್ಟಿಯೇ. ಗೋವೆಯ ಸಾಷ್ಟಿಯಂತೆ ಇದೂ ಅರುವತ್ತಾರು ಹಳ್ಳಿಗಳೆಂಬ ಅರ್ಥದ ಹೆಸರು. 1534ರಲ್ಲಿ ಗುಜರಾತಿನ ಬಹಾದೂರ ಶಹನಿಂದ ವಸಯಿಯ ಜೊತೆಗೆ ಇದೂ ಪೋರ್ಚುಗೀಸರ ಪಾಲಾಯಿತು. ಮುಂಬಯಿ ದ್ವೀಪ 1661ರ ವಿವಾಹ ಒಪ್ಪಂದದಿಂದ ಇಂಗ್ಲೆಂಡಿನ ದೊರೆಗೆ ಹೋದರೂ ಸಾಷ್ಟಿ ಹೋಗಲಿಲ್ಲ. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯನ್ನು ಗೆಲ್ಲುವವರೆಗೆ ಅಲ್ಲಿ ಪೋರ್ಚುಗೀಸರೇ ಇದ್ದರು. ಬೊರಿವಲಿಯ ಮಂಡಪೇಶ್ವರದ ಶೈವ ಗುಹೆಯನ್ನು ಇಗರ್ಜಿಯಾಗಿ ಬಳಸಿದ ಕುರುಹನ್ನು ಇಂದಿಗೂ ಹೋಗಿ ನೋಡಬಹುದು. ಪೋರ್ಚುಗೀಸರ ಕಾಲದಲ್ಲಿ ಹಾಳಾದ ವಾಲ್ಕೇಶ್ವರದ ಗುಡಿಯನ್ನು 1715ರಲ್ಲಿ ಮತ್ತೆ ಕಟ್ಟಿಸಿದವನು ರಾಮಾ ಕಾಮತಿ ಎಂಬ ಸಾರಸ್ವತ ವರ್ತಕ. ದಿನವೂ ಲೋಕಲ್ ಗಾಡಿಯಲ್ಲಿ ನಾವು ದಾಟಿ ಹೋಗುವ ನೆಲದಲ್ಲೇ ಆ ಚರಿತ್ರೆಯ ಇನ್ನೊಂದು ತುದಿ ಇದೆ.

ಇದೇ ಕಾಲದ ಅಮೆರಿಕೆಯ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕೆಲವು ವಿಷಯಗಳು ತಿಳಿಯಾಗುತ್ತವೆ. ಗೋವೆಯ ಇನ್ಕ್ವಿಸಿಷನ್ ಆರಂಭವಾದ ಅರುವತ್ತು ವರ್ಷಗಳಿಗೆ, 1620ರಲ್ಲಿ, 102 ಪ್ರಯಾಣಿಕರನ್ನು ಹೊತ್ತ ‘ಮೇಫ್ಲವರ್’ ಹಡಗು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅವರಲ್ಲಿ ಒಂದು ಪಂಗಡ ತಮ್ಮ ಮತಾಚರಣೆಗೆ ಅಡ್ಡಿ ಬಂದುದರಿಂದ ದೇಶ ಬಿಟ್ಟವರು. ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಆ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬಂದವರ ಹೆಸರುಗಳನ್ನು ಕುಟುಂಬವಾರು ಬರೆದಿಟ್ಟ. ಅವರ ವಂಶಜರ ಸಂಘ 1897ರಲ್ಲಿ ಸ್ಥಾಪನೆಯಾಯಿತು. ಅದರ ಸದಸ್ಯರಾಗಬೇಕಾದರೆ ಪ್ರತಿಯೊಂದು ತಲೆಮಾರಿಗೂ ದಾಖಲೆ ಒದಗಿಸಬೇಕು. ಆದರೆ ಆ ಹಡಗಿಗೂ ಒಂದು ವರ್ಷ ಮೊದಲು, 1619ರಲ್ಲಿ, ವರ್ಜೀನಿಯಾಕ್ಕೆ ತಂದಿಳಿಸಿದ ಆಫ್ರಿಕದ ಇಪ್ಪತ್ತಕ್ಕೂ ಹೆಚ್ಚು ಜನರ ವಿಷಯದಲ್ಲಿ ಇಂಥ ಪಟ್ಟಿಯಿಲ್ಲ. ಗುಲಾಮಗಿರಿಯಲ್ಲಿದ್ದವರೆಲ್ಲರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲ ಬಾರಿಗೆ ಬಂದದ್ದು ಬಿಡುಗಡೆಯಾದ ಮೇಲೆ, 1870ರಲ್ಲಿ.

ಆ ಕೊರತೆಯಿಂದಲೇ ಹುಟ್ಟಿದ ಪುಸ್ತಕ ಅಲೆಕ್ಸ್ ಹೇಲಿಯವರ ‘ರೂಟ್ಸ್’ (1976). ಅಜ್ಜಿಯಿಂದ ಕೇಳಿದ ಕೆಲವು ಮಾತುಗಳನ್ನು ಹಿಡಿದು ಹೇಲಿ ಗ್ಯಾಂಬಿಯಾದ ಜುಫುರೆ ಹಳ್ಳಿಯವರೆಗೆ ಹೋದರು. 1767ರಲ್ಲಿ ಗುಲಾಮನಾಗಿ ಬಂದ ಕುಂಟಾ ಕಿಂಟೆಯೇ ತಮ್ಮ ಮೂಲಪುರುಷನೆಂದರು. ಲಕ್ಷಾಂತರ ಕರಿಯರಿಗೆ ಆ ಪುಸ್ತಕ ಹೊಸ ಧೈರ್ಯ ಕೊಟ್ಟಿತು. ಆಮೇಲೆ ವಂಶಾವಳಿ ತಜ್ಞರು ದಾಖಲೆಗಳನ್ನು ತಾಳೆ ನೋಡಿದಾಗ ಹಲವು ಕೊಂಡಿಗಳು ಕೂಡಿಬರಲಿಲ್ಲ. ಹೀಗೆಂದ ಮಾತ್ರಕ್ಕೆ ಆ ಪುಸ್ತಕ ಹುಸಿಯಾಗಲಿಲ್ಲ. ಅದು ಕಾದಂಬರಿಯಾಗಿ ನಿಂತಿತು, ದಾಖಲೆಯಾಗಿ ಬಿತ್ತು. ಪೈ ಅವರು ಬರೆದದ್ದು ಕಾದಂಬರಿಯೆಂದು ಮೊದಲೇ ಸ್ಪಷ್ಟವಿದೆ. ಅದನ್ನು ದಾಖಲೆಯೆಂದು ಹಿಡಿದುಕೊಳ್ಳುವ ಆತುರ ಓದುಗರದು.

ಇನ್ನು ಕೊರತೆಗಳನ್ನೂ ಹೇಳಬೇಕು. ಹೊರಟವರ ಬೆನ್ನು ಹಿಡಿದು ನಡೆಯುವುದು ಈ ಕಥೆಯ ಬಲ. ಅದೇ ಅದರ ಮಿತಿಯೂ ಹೌದು. ವೆರ್ಣೆಯನ್ನು ಬಿಟ್ಟು ಹೋದವರಿಗಿಂತ ಅಲ್ಲೇ ಉಳಿದವರ ಪಾಡು ಚಿಕ್ಕದಾಗಿರಲಿಲ್ಲ. ಒಂದೇ ಮನೆಯ ಅಣ್ಣ ಹೊರಟಿದ್ದಾನೆ, ತಮ್ಮ ಹೊಲಮನೆಗಾಗಿಯೋ ಹೆದರಿಯೋ ನಂಬಿಯೋ ಜ್ಞಾನಸ್ನಾನ ಮಾಡಿಸಿಕೊಂಡು ನಿಂತಿದ್ದಾನೆ. ನಾಯಕನ ಹೆಸರು ಫರ್ನಾಂಡಿಸ್ ಎಂದಾದರೆ ಅವನ ಮುತ್ತಾತ ಬೇರೆಯವನಾಗಿಬಿಡುವುದಿಲ್ಲ. ಅಣ್ಣ ಹೊತ್ತೊಯ್ದ ಕುಲದೇವತೆ ತಮ್ಮನಿಗೂ ಒಂದು ಕಾಲದಲ್ಲಿ ತಾಯಿಯೇ. ಕಥೆ ಕುಂಬಳೆ ಸೀಮೆಯ ಕಡೆಗೆ ಹೆಜ್ಜೆ ಹಾಕಿದಂತೆ ಈ ತಮ್ಮ ಹಿಂದೆ ಬಿದ್ದು ಮಸುಕಾಗುತ್ತಾನೆ. ಇನ್ನು ಆ ಗಾವಂಕರರ ಹೊಲದಲ್ಲಿ ದುಡಿದ ಕುಣಬಿ, ಗಾವಡೆಯವರಿಗೆ ಬಿಟ್ಟು ಹೋಗುವ ಅನುಕೂಲವೂ ಇರಲಿಲ್ಲ. ಅವರ ವಂಶಾವಳಿ ಬರೆಯುವವರೂ ಇರಲಿಲ್ಲ. ಹೊರಟವರ ನೋವನ್ನು ಇಷ್ಟು ಸಮರ್ಥವಾಗಿ ಬರೆದ ಲೇಖನಿಯಿಂದ ಉಳಿದವರ ಪಾಲು ಇನ್ನಷ್ಟು ಬರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಮಾತು ಲೆಕ್ಕದ್ದು. ವಿಜ್ಞಾನ ಓದಿದವನಾದ್ದರಿಂದ ಇದನ್ನು ಹೇಳದೆ ಇರಲಾರೆ. ನಮಗೆ ತಂದೆತಾಯಿ ಇಬ್ಬರು, ಅವರ ತಂದೆತಾಯಿಗಳು ನಾಲ್ವರು. ಹೀಗೆ ಹತ್ತನೆಯ ತಲೆಮಾರಿನಲ್ಲಿ 1,024 ಸ್ಥಾನಗಳಾಗುತ್ತವೆ. ತಲೆಮಾರಿಗೆ ಇಪ್ಪತ್ತೈದು ವರ್ಷವೆಂದು ಹಿಡಿದರೆ 1560ರ ದಶಕಕ್ಕೆ ಸುಮಾರು ಹದಿನೆಂಟು ತಲೆಮಾರು, ಅಂದರೆ 2,62,144 ಸ್ಥಾನಗಳು. ನೆಂಟರಲ್ಲೇ ಮದುವೆಯಾಗುವ ಸಮಾಜದಲ್ಲಿ ಒಬ್ಬನೇ ವ್ಯಕ್ತಿ ಅನೇಕ ಸ್ಥಾನಗಳಲ್ಲಿ ಕೂತಿರುತ್ತಾನೆ, ನಿಜ. ಆದರೂ ಗಂಡುಸಂತಾನದ ಒಂದೇ ಎಳೆಯನ್ನು ಹಿಡಿದು ಇದೇ ನಮ್ಮ ವಂಶ ಎನ್ನುವಾಗ ಎಷ್ಟು ಜನರನ್ನು, ಅದರಲ್ಲೂ ಎಷ್ಟು ಹೆಂಗಸರನ್ನು, ಪಟ್ಟಿಯಿಂದ ಹೊರಗಿಡುತ್ತೇವೆ ಎಂಬುದನ್ನು ಯೋಚಿಸಬೇಕು. ಮನೆತನದ ಕಾದಂಬರಿ ಬರೆಯುವವರು ಈ ಒಂದು ಎಳೆಯ ಮೋಹವನ್ನು ಪೂರ್ತಿ ಬಿಡುವುದು ಕಷ್ಟ. ‘ಸ್ವಪ್ನ ಸಾರಸ್ವತ’ವೂ ಬಿಟ್ಟಿಲ್ಲ.

ಹಾಗಾದರೆ ದಾಖಲೆಗಳೇ ಸತ್ಯವೇ? ಕಡತಗಳ ನಡುವೆ ಇಪ್ಪತ್ತು ವರ್ಷ ಕುಳಿತವನಾಗಿ ಅದನ್ನೂ ಒಪ್ಪಲಾರೆ. ಕಡತವನ್ನು ಬರೆಸಿದವನಿಗೆ ಏನು ಬೇಕಾಗಿತ್ತೋ ಅದು ಮಾತ್ರ ಕಡತದಲ್ಲಿರುತ್ತದೆ. ಗೋವೆಯ ಕೆಡವಿದ ಗುಡಿಗಳ ಹೆಸರು ಇಂದು ನಮಗೆ ಸಿಗುವುದು, ಆ ಗುಡಿಗಳ ಜಮೀನು ವಶಪಡಿಸಿಕೊಳ್ಳಲು ಪೋರ್ಚುಗೀಸರು ಬರೆಸಿದ ‘ಫೊರಾಲ್’ ಪಟ್ಟಿಗಳಿಂದ. ಮೇಲೆ ಹೇಳಿದ ರಾಮಾ ಕಾಮತಿ, ಆಂಗ್ರೆಯ ಜೊತೆ ಒಳಸಂಚು ಮಾಡಿದನೆಂದು ಕಂಪನಿಯವರ ಸೆರೆಮನೆಯಲ್ಲಿ 1728ರಲ್ಲಿ ಸತ್ತ. ಅವನ ವಿರುದ್ಧ ತಂದಿದ್ದ ಪತ್ರ ಖೋಟಾ ಎಂದು ಆಮೇಲೆ ಗೊತ್ತಾಯಿತು. ದಾಖಲೆಯನ್ನೂ ಕಥೆಯಷ್ಟೇ ಎಚ್ಚರದಿಂದ ಓದಬೇಕು. ಈ ಎರಡರ ನಡುವಿನ ದಾರಿಯನ್ನು ತೋರಿಸಿದವರೂ ನಮ್ಮ ಮುಂಬಯಿಯಲ್ಲಿದ್ದರು. ಗಾಮದೇವಿಯಲ್ಲಿ ಸಾರಸ್ವತರ ಸಹಕಾರಿ ವಸತಿ ಸಂಘವನ್ನು 1915ರಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಎಸ್. ಎಸ್. ತಾಲ್ಮಕಿ ಅವರು ಚಿತ್ರಾಪುರ ಸಾರಸ್ವತ ಕುಟುಂಬಗಳ ವಿವರಗಳನ್ನು ಕೂಡಿಹಾಕಿ ಪುಸ್ತಕವಾಗಿಸಿದರು. ಅದೇ ಸಮಾಜದ ಎರಡು ಶತಮಾನಗಳ ಚರಿತ್ರೆಯನ್ನು ಅಮೆರಿಕದ ವಿದ್ವಾಂಸ ಫ್ರಾಂಕ್ ಕಾನ್ಲನ್ 1977ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಕೊನೆಯದಾಗಿ, ಈ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಂಡದ್ದು ಅದರ ಭಾಷೆ. ಕೊಂಕಣಿ ಮನೆಮಾತಿನ ಜನರ ವಲಸೆಯ ಕಥೆ ಕನ್ನಡದಲ್ಲಿ ಬಂದಿದೆ. ಅದೇ ಕರಾವಳಿಯ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಕನ್ನಡದ ರಾಷ್ಟ್ರಕವಿಗಳಾದರು. ಅವರ ಮನೆಮಾತೂ ಕೊಂಕಣಿಯೇ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಅಲ್ಲಿ ಕನ್ನಡ ಬರೆಯುವ ಕೈಗಳು ನಿಂತಿಲ್ಲ. ಮೇಫ್ಲವರಿನವರು ಹೋದ ನೆಲವನ್ನು ಕಾಲಕ್ರಮದಲ್ಲಿ ತಮ್ಮದಾಗಿಸಿಕೊಂಡರು, ಮೊದಲಿದ್ದವರನ್ನು ಬದಿಗೆ ಸರಿಸಿದರು. ಸಾರಸ್ವತರು ಬಂದ ನೆಲದ ಭಾಷೆಯನ್ನು ತಮ್ಮದಾಗಿಸಿಕೊಂಡರು. ತುಳುವರೂ ಕನ್ನಡಿಗರೂ ಮಲಯಾಳಿಗಳೂ ಜಾಗ ಬಿಟ್ಟುಕೊಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಆ ಆಶ್ರಯದಾತರ ಹೆಸರು ಯಾವ ಗೋತ್ರ ಪ್ರವರದಲ್ಲೂ ಇಲ್ಲ.

ಉದ್ಯೋಗಕ್ಕಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಾವೂ ನಮ್ಮ ಮೊಮ್ಮಕ್ಕಳಿಗೆ ಒಂದು ದಿನ ‘ಹೊರಟವರು’ ಆಗಲಿದ್ದೇವೆ. ‘ಸ್ವಪ್ನ ಸಾರಸ್ವತ’ವನ್ನು ಓದಿ ಮುಗಿಸಿದವರು ಕುಲದ ಹೆಮ್ಮೆಯೊಂದನ್ನೇ ಅದರಿಂದ ತೆಗೆದುಕೊಳ್ಳದೆ, ಮನೆಯ ಹಿರಿಯರನ್ನು ಕೇಳಿ ಒಂದು ನೋಟುಪುಸ್ತಕದಲ್ಲಿ ನಾಲ್ಕು ವಿಷಯ ಬರೆದಿಟ್ಟರೆ ಸಾಕು: ಅಜ್ಜಿಯರ ತವರಿನ ಹೆಸರು, ಊರು ಬಿಟ್ಟ ಇಸವಿ, ಬಿಟ್ಟ ಕಾರಣ, ಮತ್ತು ಇಲ್ಲಿಗೆ ಬಂದ ಮೊದಲ ರಾತ್ರಿ ಮಲಗಲು ಜಾಗ ಕೊಟ್ಟವರ ಹೆಸರು.