ಜಿಗಣೆಗೆ ಒಂದೇ ಚಿತ್ರ ಸಾಕೇ?

ಜಿಗಣೆಯ ಅಂಗರಚನೆ ಎಂದೊಡನೆ ನಮ್ಮ ಪದವಿ ವಿದ್ಯಾರ್ಥಿಗಳು ಬರೆಯುವುದು ದನದ ಜಿಗಣೆಯಾದ ಹಿರುಡಿನೇರಿಯದ ಚಿತ್ರವನ್ನು. ಮೂರು ದವಡೆ, ಐದು ಜೊತೆ ಕಣ್ಣು, ಖಂಡಕ್ಕೆ ಐದು ಉಂಗುರ. ಎಂ. ಎಲ್. ಭಾಟಿಯಾ ಅವರ 1941ರ ಗ್ರಂಥ ಈ ಜಿಗಣೆಯನ್ನು ವಿವರವಾಗಿ ವರ್ಣಿಸಿದೆ. ಅದರ ಶೀರ್ಷಿಕೆಯಲ್ಲೇ ಕುಲದ ಹೆಸರಿದೆ. ತರಗತಿಯ ಟಿಪ್ಪಣಿಗೆ ಬರುವಷ್ಟರಲ್ಲಿ ಆ ಹೆಸರು ಬಿಟ್ಟುಹೋಗಿ, 'ಜಿಗಣೆಗೆ ಮೂರು ದವಡೆಗಳಿವೆ' ಎಂಬ ವಾಕ್ಯವಷ್ಟೇ ಉಳಿಯುತ್ತದೆ. ನನ್ನ ಆಕ್ಷೇಪ ಇದಕ್ಕೆ.

ಕಪ್ಪೆಗಳ ಮೇಲೆ ಬದುಕುವ ಜಿಗಣೆಗಳನ್ನು ನೋಡೋಣ. ಉತ್ತರ ಅಮೆರಿಕದ ಪ್ಲಾಕೊಬ್ಡೆಲ್ಲ ಪಿಕ್ಟ ಕಪ್ಪೆ ಮತ್ತು ಸಾಲಮಾಂಡರ್‌ಗಳ ರಕ್ತ ಹೀರುತ್ತದೆ. ಕಪ್ಪೆಗಳಿಗೆ ಟ್ರಿಪನೊಸೋಮ್ ಎಂಬ ಪರೋಪಜೀವಿಯನ್ನೂ ಹರಡುತ್ತದೆ. ಇದಕ್ಕೆ ದವಡೆಯೇ ಇಲ್ಲ. ಮುಂದಿನ ಹೀರುಬಟ್ಟಲಿನಲ್ಲಿರುವ ಸಣ್ಣ ರಂಧ್ರವೇ ಬಾಯಿ. ಒಳಗೆ, ಒರೆಯಲ್ಲಿ ಕತ್ತಿ ಇರುವಂತೆ, ಸ್ನಾಯುಗಳಿಂದಾದ ಸೊಂಡಿಲಿದೆ. ಅದನ್ನು ಹೊರಚಾಚಿ ಕಪ್ಪೆಯ ಚರ್ಮದೊಳಕ್ಕೆ ತೂರಿಸುತ್ತದೆ. ಹೀಗಾಗಿ ದನದ ಜಿಗಣೆ ಮಾಡುವ ಮೂರು ಕವಲಿನ ಗಾಯವನ್ನು ಇಲ್ಲಿ ಹುಡುಕಬಾರದು. ನಡುದೇಹದ ಖಂಡಕ್ಕೆ ಉಂಗುರಗಳು ಮೂರು. ಕಪ್ಪೆಗಳನ್ನೇ ಆಶ್ರಯಿಸುವ ಜಪಾನಿನ ಟೋರಿಕ್ಸ್ ಟುಕುಬಾನಾದಲ್ಲಿ ಎರಡೇ.

ವ್ಯತ್ಯಾಸ ಬಾಯಿಗೆ ನಿಲ್ಲುವುದಿಲ್ಲ. ದನದ ಜಿಗಣೆಯಲ್ಲಿ ನಿಜವಾದ ರಕ್ತನಾಳಗಳಿಲ್ಲ. ದೇಹಾವಕಾಶದ ಕಾಲುವೆಗಳಲ್ಲಿ ಹೀಮೊಗ್ಲೋಬಿನ್ ಬೆರೆತ ಕೆಂಪು ದ್ರವ ಹರಿಯುತ್ತದೆ. ಸೊಂಡಿಲಿನ ಜಿಗಣೆಗಳಿಗೆ ಪ್ರತ್ಯೇಕ ರಕ್ತನಾಳಗಳಿವೆ, ರಕ್ತಕ್ಕೆ ಬಣ್ಣವಿಲ್ಲ. ದನದ ಜಿಗಣೆ ಒದ್ದೆ ಮಣ್ಣಿನಲ್ಲಿ ಮೊಟ್ಟೆಗೂಡು ಇಟ್ಟು ಹೊರಟುಹೋದರೆ, ಪ್ಲಾಕೊಬ್ಡೆಲ್ಲ ಮೊಟ್ಟೆಗಳನ್ನು ಹೊಟ್ಟೆಯಡಿ ಕಾಯ್ದು, ಮರಿಗಳನ್ನು ಅಲ್ಲೇ ಅಂಟಿಸಿಕೊಂಡು ತಿರುಗುತ್ತದೆ. ಇಷ್ಟೆಲ್ಲ ಇರುವ ಪ್ರಾಣಿಗೆ ಪಾಠದಲ್ಲಿ ಸಿಗುವುದು ಹೆಚ್ಚೆಂದರೆ ವರ್ಗೀಕರಣದ ಒಂದು ಸಾಲು!

ಸಾಮಗ್ರಿಯ ಕೊರತೆಯೆಂದು ಹೇಳುವಂತಿಲ್ಲ. ಹಾರ್ಡಿಂಗ್ ಮತ್ತು ಮೂರ್ ಅವರ 1927ರ ಸಂಪುಟದಲ್ಲಿಯೇ ಭಾರತದ ಸೊಂಡಿಲಿನ ಜಿಗಣೆಗಳ ವಿವರಣೆಯಿದೆ. 2014ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿಛೇದನ ನಿಲ್ಲಿಸಲು ಸೂಚಿಸಿತು. ಒಳ್ಳೆಯದೇ ಆಯಿತು. ಆದರೆ ಆಮೇಲೆ ವಿದ್ಯಾರ್ಥಿಗೆ ಜಿಗಣೆಯ ಒಳಾಂಗ ಕಾಣುವುದು ಬಹುಮಟ್ಟಿಗೆ ಚಿತ್ರದಲ್ಲಿ ಮಾತ್ರ. ಚಿತ್ರ ಹೇಳದ್ದನ್ನು ತಿದ್ದಲು ಮೇಜಿನ ಮೇಲೆ ಪ್ರಾಣಿ ಇರುವುದಿಲ್ಲ. ಆದ್ದರಿಂದ ದವಡೆಯ ಬಾಯಿ, ಸೊಂಡಿಲಿನ ಬಾಯಿ ಎರಡನ್ನೂ ಅಕ್ಕಪಕ್ಕ ಬರೆಸಿ, ಕೆಳಗೆ ಕುಲದ ಹೆಸರು ಹಾಕಿಸುವುದು ಅಧ್ಯಾಪಕರಿಗೆ ಕಷ್ಟವಾಗಲಾರದು.

ಕಪ್ಪೆಯ ಮೇಲೆ ಸಿಕ್ಕಿದ್ದೆಲ್ಲ ಸೊಂಡಿಲಿನ ಜಿಗಣೆ ಎಂದೂ ತಿಳಿಯಬಾರದು. ದವಡೆಗಳಿರುವ ಹಿರುಡೊ ಮರಿಗಳೂ ಕಪ್ಪೆಯ ರಕ್ತ ಹೀರುತ್ತವೆ. ಕೊಯ್ಯದೆ ಗುರುತಿಸಲು ಭೂತಗನ್ನಡಿಯಲ್ಲಿ ಕಣ್ಣುಗಳನ್ನು ಎಣಿಸಬೇಕು: ಪ್ಲಾಕೊಬ್ಡೆಲ್ಲಕ್ಕೆ ಒಂದು ಜೊತೆ, ಹಿರುಡೊಗೆ ಐದು.