ಹಾನಗಲ್ಲಿಗೆ ಹೋಗಿ ಕೇಳಿಬರುವವರು ಯಾರು?

2024ರ ನವೆಂಬರ್ ತಿಂಗಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಹತ್ತಿರದ ಚಹಾದಂಗಡಿಯಲ್ಲಿ ಕುಳಿತಿದ್ದೆ. ಪರಿಚಯದ ರೈತರೊಬ್ಬರು ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದರು. "ನೋಡ್ರಿ ಸಾಬ್ರ, ಹಾನಗಲ್ ಕಡೀ ರೈತ ಒಬ್ಬಾಂವ ವಕ್ಫ್‌ನೋರು ಹೊಲ ತಗೊಂಡ್ರಂತ ಜೀವಾ ಕಳಕೊಂಡಾನಂತ. ನಾನೂ ನಮ್ಮ ಹೊಲದ ಉತಾರ ತಗಿಸಿ ನೋಡ್ಲೇನು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲವರು, ನನ್ನ ತಂಗಿಯ ಮದುವೆಗೆ ಬಂದು ಉಂಡು ಹೋದವರು. "ಹಾನಗಲ್ಲಿನಾಗ ನಿಮ್ಮ ಬೀಗರದಾರಲ್ಲ, ಫೋನ್ ಮಾಡಿ ಕೇಳಿದ್ರೇನು?" ಎಂದೆ. "ಪೇಪರಿನ್ಯಾಗ ಬಂದೈತಲ್ರಿ, ಇನ್ನೇನ್ ಕೇಳೂದು" ಎಂದರು. ಅವರು ಪೇಪರು ಎಂದದ್ದು ವಾಟ್ಸಾಪ್ ಗುಂಪಿಗೆ ಬಂದಿದ್ದ ಒಂದು ಜಾಲತಾಣದ ಸುದ್ದಿಯನ್ನು.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ವಕ್ಫ್ ಜಮೀನಿನ ನೋಟಿಸುಗಳು ಹೋಗಿ ರಾಜ್ಯದ ತುಂಬ ಗದ್ದಲವಾಗಿತ್ತು. ರೈತರ ಆತಂಕ ಕಟ್ಟುಕತೆಯಲ್ಲ. ನೋಟಿಸು ಹಿಂಪಡೆಯುವಂತೆ ಸರ್ಕಾರವೇ ಹೇಳಬೇಕಾಯಿತು. ಅಕ್ಟೋಬರ್ ಕೊನೆಗೆ ನಮ್ಮದೇ ಜಿಲ್ಲೆಯ ಸವಣೂರು ತಾಲೂಕಿನ ಕಡಕೋಳದಲ್ಲಿ ಗಾಳಿಮಾತು ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಅದರ ಬೆನ್ನಿಗೇ ಹಾನಗಲ್ ತಾಲೂಕಿನ ರೈತನ ಸಾವನ್ನು ವಕ್ಫ್‌ಗೆ ಗಂಟು ಹಾಕಿದ ಸುದ್ದಿ ಜಾಲತಾಣಗಳಲ್ಲಿ ಬಂತು. ಸಂಸದ ತೇಜಸ್ವಿ ಸೂರ್ಯ ಅದನ್ನು ಹಂಚಿಕೊಂಡರು. ಹಾವೇರಿ ಪೊಲೀಸರು ಬೇರೆಯದನ್ನೇ ಹೇಳಿದರು: ಆ ಸಾವು 2022ರ ಜನವರಿಯದು, ಕಾರಣ ಸಾಲ ಮತ್ತು ಬೆಳೆನಷ್ಟ. ಸೂರ್ಯ ತಮ್ಮ ಬರಹವನ್ನು ಅಳಿಸಿದರು. ಅವರ ಮೇಲೂ ಸುದ್ದಿ ಹಾಕಿದ ಸಂಪಾದಕರ ಮೇಲೂ ಪ್ರಕರಣ ದಾಖಲಾಯಿತು. ಡಿಸೆಂಬರಿನಲ್ಲಿ ಹೈಕೋರ್ಟು ಸೂರ್ಯ ಅವರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ರಾಜ್ಯ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು.

ಅದು ಅಪರಾಧ ಹೌದೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನದು ಬೇರೆ ಪ್ರಶ್ನೆ. ಎರಡೂಮುಕ್ಕಾಲು ವರ್ಷದ ಹಿಂದಿನ ಸಾವಿಗೆ ಹೊಸ ಕಾರಣ ಅಂಟಿಕೊಂಡು ಊರೂರು ತಿರುಗುತ್ತಿರುವಾಗ, ಬಸ್ಸು ಹತ್ತಿ ಆ ಹಳ್ಳಿಗೆ ಹೋಗಿ, ಮನೆಯವರ ಮಾತನ್ನೂ ಕೇಳಿ, ಠಾಣೆಯ ಕಾಗದವನ್ನೂ ನೋಡಿ, ಆಮೇಲೆ ಬರೆಯಬೇಕಿದ್ದ ಮನುಷ್ಯ ಎಲ್ಲಿ ಹೋದ?

ನಾನು ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ ಹೈಸ್ಕೂಲಿಗೆ ಕನ್ನಡಕ್ಕೆ ಬಂದವನು. ರಾಣೆಬೆನ್ನೂರಿನ ವಾಚನಾಲಯಕ್ಕೆ ಹುಬ್ಬಳ್ಳಿಯಿಂದ 'ಸಂಯುಕ್ತ ಕರ್ನಾಟಕ' ಬೆಳಿಗ್ಗೆ ಬರುತ್ತಿತ್ತು. ಬೆಂಗಳೂರಿನ ಉರ್ದು 'ಸಾಲಾರ್' ಮಾಮೂಜಾನರ ಅಂಗಡಿಗೆ ಒಂದು ದಿನ ತಡವಾಗಿ. ಒಂದೇ ಘಟನೆ ಎರಡರಲ್ಲಿ ಎರಡು ಬಗೆಯಾಗಿ ಇರುತ್ತಿತ್ತು. ನಿಜ ಇವೆರಡರ ನಡುವೆ ಎಲ್ಲೋ ಇರಬೇಕು ಎಂಬ ಸಂಶಯ ಆ ವಯಸ್ಸಿಗೇ ಹತ್ತಿಕೊಂಡಿತು. ಕತೆ ಬರೆಯಲು ಅದೇ ಬಂಡವಾಳವಾಯಿತು, ಆ ಮಾತು ಇರಲಿ.

ನಮ್ಮ ಓಣಿಯ ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಪತ್ರಿಕೆಯೊಂದರ ಅರೆಕಾಲಿಕ ವರದಿಗಾರರಾಗಿದ್ದರು. ಲೂನಾ ಮೇಲೆ ಹಳ್ಳಿ ಸುತ್ತುತ್ತಿದ್ದರು. ಸಂತರೇನಲ್ಲ. ಸುದ್ದಿಗಿಂತ ಜಾಹೀರಾತಿನ ಕಮಿಷನ್ನಿನಿಂದಲೇ ಅವರ ಮನೆ ನಡೆಯುತ್ತಿತ್ತು. ಜಾಹೀರಾತು ಕೊಟ್ಟವರ ತಂಟೆಗೆ ಹೋಗುತ್ತಿರಲಿಲ್ಲ. ಆದರೆ ತಪ್ಪು ಬರೆದರೆ ಮರುದಿನ ಅದೇ ಬೀದಿಯಲ್ಲಿ ಜನ ಕೊರಳಪಟ್ಟಿ ಹಿಡಿಯುವ ಭಯ ಅವರಿಗಿತ್ತು. ಇಂದು ಹಾವೇರಿಯ ಸುದ್ದಿ ಬರೆಯುವ ಎಷ್ಟೋ ಕೈಗಳಿಗೆ ಆ ಭಯವಿಲ್ಲ, ಅವು ಹಾವೇರಿಯಲ್ಲೇ ಇಲ್ಲ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ನಮ್ಮ ಸೀಮೆಯವರೇ ಆದ ವಿಜಯ ಸಂಕೇಶ್ವರ 1999ರಲ್ಲಿ 'ವಿಜಯ ಕರ್ನಾಟಕ' ತಂದು ಬೆಲೆಯ ಪೈಪೋಟಿಗೆ ಇಳಿದಾಗ ಹಳ್ಳಿಗಳಿಗೂ ಪತ್ರಿಕೆ ಮುಟ್ಟಿತು. 2006ರಲ್ಲಿ ಅದು ಟೈಮ್ಸ್ ಸಮೂಹದ ಪಾಲಾಯಿತು. ಅವರು 2012ರಲ್ಲಿ 'ವಿಜಯವಾಣಿ' ತೆರೆದರು. ಕನ್ನಡಪ್ರಭ, ಸುವರ್ಣ ನ್ಯೂಸ್ ಒಂದೇ ಸಮೂಹದವು. ರಾಮೋಜಿ ರಾಯರ ಈಟಿವಿ ಕನ್ನಡ ನೆಟ್‌ವರ್ಕ್18ಕ್ಕೆ ಹೋಯಿತು, 2014ರಲ್ಲಿ ನೆಟ್‌ವರ್ಕ್18 ರಿಲಯನ್ಸಿಗೆ ಹೋಯಿತು, 2015ರಲ್ಲಿ ಈಟಿವಿ ಕನ್ನಡದ ಹೆಸರು ಕಲರ್ಸ್ ಕನ್ನಡ ಎಂದಾಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಮನರಂಜನಾ ವಾಹಿನಿಗಳು ಒಂದಾದಾಗ ಸ್ಟಾರ್ ಸುವರ್ಣವೂ ಅದೇ ಸೂರಿನಡಿ ಬಂತು. ಹಾವೇರಿಯ ಜನ ವಕ್ಫ್ ಗಲಾಟೆಯಲ್ಲಿ ಮುಳುಗಿದ್ದ ಅದೇ ತಿಂಗಳು ಈ ದೊಡ್ಡ ವ್ಯವಹಾರ ಸದ್ದಿಲ್ಲದೆ ಮುಗಿಯಿತು.

ಒಡೆಯರು ಕಡಿಮೆಯಾದರೆ ನಮಗೇನು ಎನ್ನಬಹುದು. ಮೊದಲ ಪೆಟ್ಟು ಜಿಲ್ಲಾ ಪುಟದ ರೂಪದಲ್ಲಿ ಬಿತ್ತು. ನಮಗೊಂದು ಪುಟ ಸಿಕ್ಕಿತೆಂದು ಹಿಗ್ಗಿದೆವು. ಆದರೆ ಹಾವೇರಿಯ ಸುದ್ದಿ ಹಾವೇರಿಯ ಪುಟದಲ್ಲೇ ಹುಟ್ಟಿ ಅಲ್ಲೇ ಸಾಯತೊಡಗಿತು. ತುಂಗಭದ್ರೆ ದಾಟಿ ಹರಿಹರಕ್ಕೆ ಹೋದರೆ ರಾಣೆಬೆನ್ನೂರಿನ ಸಮಾಚಾರ ಸಿಗದು. ನಮ್ಮ ಜಿಲ್ಲೆ ಹೊರಗಿನವರಿಗೆ ಕಾಣಬೇಕಾದರೆ ಬೆಂಕಿಯೇ ಹತ್ತಬೇಕು. 2024ರ ಮಾರ್ಚ್ 11ರಂದು ಹತ್ತಿತು. ಮೆಣಸಿನಕಾಯಿ ಬೆಲೆ ಕುಸಿದು, ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳನ್ನು ಸುಟ್ಟರು. ಮನೆಯ ಟಿವಿಯಲ್ಲಿ ಅದೇ ಸುಡುವ ಜೀಪನ್ನು ದಿನವಿಡೀ ನೋಡಿದೆ. ಬೆಲೆ ಏಕೆ ಕುಸಿಯಿತು, ಮಾಲು ಎಲ್ಲೆಲ್ಲಿಂದ ಬಂದಿತ್ತು, ಟೆಂಡರ್ ಹೇಗೆ ನಡೆಯುತ್ತದೆ ಎಂದು ದಲಾಲರನ್ನೂ ಹಮಾಲರನ್ನೂ ಕೂಡಿಸಿ ಕೇಳುವ ಪುರುಸೊತ್ತು ನಾನು ನೋಡಿದ ವಾಹಿನಿಗಳಿಗೆ ಇರಲಿಲ್ಲ.

ಇಲ್ಲಿ ಓದುಗರು ನನ್ನನ್ನು ತಡೆಯಬಹುದು. ವಕ್ಫ್ ಸುದ್ದಿ ಮೊದಲು ಹಾಕಿದ್ದು ಅಂಬಾನಿಯೂ ಅಲ್ಲ, ಟೈಮ್ಸೂ ಅಲ್ಲ, ಸಣ್ಣ ಜಾಲತಾಣಗಳು. ಅಂದಮೇಲೆ ಕೇಂದ್ರೀಕರಣದ ಮಾತೇಕೆ? ಮಾತು ಸರಿಯಾಗಿಯೇ ಇದೆ, ನಾನೂ ಬಹಳ ದಿನ ಇದರಲ್ಲಿ ಸಿಕ್ಕಿಕೊಂಡಿದ್ದೆ. ಸಣ್ಣ ಜಾಲತಾಣ ಬದುಕುವುದು ಹೇಗೆಂದು ನೋಡಿದರೆ ಗಂಟು ಬಿಚ್ಚುತ್ತದೆ. ಜಾಹೀರಾತಿನ ಹಣ ಗೂಗಲ್ಲು, ಫೇಸ್‌ಬುಕ್ಕುಗಳಲ್ಲಿ ಜಮೆಯಾಗುತ್ತದೆ; ಅದರ ಚೂರುಪಾರು ಸಿಗಬೇಕಾದರೆ ಜನ ಒತ್ತಬೇಕು, ಜನ ಒತ್ತಬೇಕಾದರೆ ಸುದ್ದಿ ಉಳಿದವರಿಗಿಂತ ಐದು ನಿಮಿಷ ಮುಂಚೆ ಬರಬೇಕು. ಹಾನಗಲ್ಲಿಗೆ ಹೋಗಿ ಬರಲು ಅರ್ಧ ದಿನ ಬೇಕು. ಆ ಅರ್ಧ ದಿನಕ್ಕೆ ಹಣ ಕೊಡುವವರಿಲ್ಲ. ಸಣ್ಣ ಜಾಲತಾಣ ಸ್ವತಂತ್ರ ಅಂಗಡಿಯಂತೆ ಕಾಣುತ್ತದೆ, ನಿಜದಲ್ಲಿ ದೊಡ್ಡವರ ಸಂತೆಯಲ್ಲಿ ಬಾಡಿಗೆಗೆ ಕುಳಿತ ಬುಟ್ಟಿ.

ಮುಕ್ತ ಅಂತರ್ಜಾಲಕ್ಕಾಗಿ ನಮ್ಮ ದೇಶದ ಜನ ಹೋರಾಡಿ ಗೆದ್ದದ್ದೂ ಉಂಟು. ಫೇಸ್‌ಬುಕ್ ತಾನು ಆರಿಸಿದ ಕೆಲವೇ ತಾಣಗಳನ್ನು ಬಡವರಿಗೆ ಪುಕ್ಕಟೆ ಕೊಡುತ್ತೇನೆಂದು 'ಫ್ರೀ ಬೇಸಿಕ್ಸ್' ತಂದಿತ್ತು. 2016ರ ಫೆಬ್ರವರಿ 8ರಂದು ಟ್ರಾಯ್, ತಾಣಕ್ಕೊಂದು ದರ ಇಡಕೂಡದೆಂದು ಆದೇಶಿಸಿತು. ಅದೇ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಬ್ಯಾಡಗಿಯ ಹಮಾಲರ ಕೈಗೂ ಅಂತರ್ಜಾಲ ಬಂತು. ಇದನ್ನು ಹಗುರವಾಗಿ ಕಾಣಬಾರದು. ನಮ್ಮೂರ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಪರೀಕ್ಷೆಗೆ ಓದಿದ್ದು ಅದರಿಂದಲೇ. 2020ರ ಏಪ್ರಿಲಿನಲ್ಲಿ ಫೇಸ್‌ಬುಕ್ 43,574 ಕೋಟಿ ರೂಪಾಯಿಗೆ ಜಿಯೋ ಪ್ಲಾಟ್‌ಫಾರ್ಮ್ಸ್‌ನ ಶೇ. 9.99 ಪಾಲು ಕೊಂಡಿತು. ಕೆಲವೇ ತಿಂಗಳಲ್ಲಿ ಗೂಗಲ್ ಕೂಡ ಪಾಲುದಾರನಾಯಿತು. ಸಿಮ್ಮು, ವಾಟ್ಸಾಪು, ಹುಡುಕುವ ಯಂತ್ರ ಮೂರರ ಒಡೆಯರೂ ಒಂದೇ ಕಂಪನಿಯ ಪಾಲುದಾರರು. ಅದರ ಜೊತೆಗೇ ನೆಟ್‌ವರ್ಕ್18ರ ಸುದ್ದಿ ವಾಹಿನಿ. ಕಾಯಿದೆಯ ಪ್ರಕಾರ ಬಾಗಿಲು ತೆರೆದೇ ಇದೆ. ಆದರೆ ನನ್ನ ರೈತ ಮಿತ್ರರಿಗೆ ಅಂತರ್ಜಾಲ ಎಂದರೆ ವಾಟ್ಸಾಪು ಮತ್ತು ಯೂಟ್ಯೂಬು, ಮೂರನೆಯದನ್ನು ಅವರು ಎಂದೂ ತೆರೆದಿಲ್ಲ.

ಇದೇ ಟ್ರಾಯ್ 2014ರ ಆಗಸ್ಟಿನಲ್ಲಿ ಮಾಧ್ಯಮಗಳ ಒಡೆತನಕ್ಕೂ ಮಿತಿ ಬೇಕೆಂದು ಶಿಫಾರಸು ಮಾಡಿತ್ತು. ರಾಜಕೀಯ ಪಕ್ಷಗಳನ್ನೂ ಉದ್ಯಮ ಸಂಸ್ಥೆಗಳನ್ನೂ ಈ ಕ್ಷೇತ್ರದಿಂದ ದೂರ ಇಡುವ ಮಾತೂ ಅದರಲ್ಲಿತ್ತು. ಅದು ಕಾನೂನಾಗಲಿಲ್ಲ. 2022ರ ಡಿಸೆಂಬರಿನಲ್ಲಿ ಎನ್‌ಡಿಟಿವಿ ಅದಾನಿ ಸಮೂಹದ ಕೈಸೇರಿತು. ದಾರಿ ಎಲ್ಲರಿಗೂ ಸಮಾನವಾಗಿರಲಿ ಎಂದ ಸರ್ಕಾರಗಳು, ಗಾಡಿಗಳೆಲ್ಲ ನಾಲ್ಕು ಜನರವೇ ಆಗುತ್ತಿದ್ದುದನ್ನು ನೋಡುತ್ತ ಕುಳಿತವು.

ಅವರಿವರನ್ನು ಅಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮೊಹಲ್ಲಾದ ಗುಂಪುಗಳಲ್ಲೂ ಯಾವುದೋ ದೇಶದ ಹಳೆಯ ವಿಡಿಯೊ ನಿನ್ನೆಯದೆಂದು ತಿರುಗುತ್ತದೆ. ತಿದ್ದಲು ಹೋದವನಿಗೆ ಈಮಾನಿನ ಪಾಠವಾಗುತ್ತದೆ. 2003ರಿಂದ ನಡೆದುಬಂದ 'ವಾರ್ತಾಭಾರತಿ'ಯನ್ನು ಹೊಗಳುವ ನಮ್ಮ ಮಂದಿಯಲ್ಲಿ ಚಂದಾ ಕಟ್ಟುವವರು ಎಷ್ಟು ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ.

ತಿಂಗಳು ಕಳೆದ ಮೇಲೆ ಆ ರೈತರು ಮತ್ತೆ ಸಿಕ್ಕರು. ಪೊಲೀಸರು ಕೊಟ್ಟ ಸ್ಪಷ್ಟನೆಯ ಮಾತೆತ್ತಿದೆ. "ಅದು ನಮ್ಮ ಗ್ರೂಪಿಗೆ ಬಂದಿಲ್ರಿ ಸಾಬ್ರ" ಎಂದರು. ನಾನೇ ಕಳಿಸಿದೆ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಗ್ರೂಪಿಗೆ ಹಾಕಿದ್ರ ನನ್ನ ತಗದ ಹಾಕ್ತಾರೇನೋ" ಎಂದರು. ಚಹಾದ ದುಡ್ಡು ಅಂದು ಅವರೇ ಕೊಟ್ಟರು.